ಗ್ಯಾಲರಿಯಲ್ಲಿ ಕೂತು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವನ್ನು ಅಳೆಯುವುದು ಹೇಗೆ

ನಮ್ಮ ಕಾಲೇಜು ಆರು ಪಾಯಿಂಟ್‌ನಿಂದ ಸೋತ ದಿನ ದಾವಣಗೆರೆಯ ಯಾವ ಗ್ರೌಂಡಿನ ಗೇಟಿನ ಬಳಿ ನಿಂತರೂ ಮೂರು ಮಾತು ಕಿವಿಗೆ ಬೀಳುತ್ತವೆ: "ರೆಫರಿ ಆ ಕಡೆಯವ್ನು", "ಸೆವೆನ್ ನಂಬರ್ ಇವತ್ತು ಕೈ ಕೊಟ್ಟ", "ಲಕ್ ಇರ್ಲಿಲ್ಲ ಬಿಡಲೇ". ಮೂರರಲ್ಲಿ ಒಂದು ನಿಜವೂ ಇರಬಹುದು. ಯಾವುದು ನಿಜ ಎಂದು ಸ್ಕೋರ್‌ಬೋರ್ಡ್ ಹೇಳುವುದಿಲ್ಲ. ಚೆಂಡು ಕೈಗೆ ಬಂದ ಪ್ರತಿ ಸಲವೂ ತಂಡ ಅದನ್ನು ಏನು ಮಾಡಿತು ಎಂದು ಬರೆದಿಟ್ಟವರು ಮಾತ್ರ ಹೇಳಬಲ್ಲರು. ಅದಕ್ಕೆ ಒಂದು ನೋಟ್‌ಬುಕ್, ಎರಡು ಪೆನ್ನು, ಸಾಧ್ಯವಾದರೆ ಎದುರಾಳಿಯ ಲೆಕ್ಕ ಬರೆಯಲು ಪಕ್ಕದಲ್ಲೊಬ್ಬ ಗೆಳೆಯ ಸಾಕು. ಮೊಬೈಲ್ ಆ್ಯಪ್‌ಗಳಿವೆ, ಆದರೆ ಬಿಸಿಲಲ್ಲಿ ಸ್ಕ್ರೀನ್ ಕಾಣುವುದಿಲ್ಲ. ಒಂದು ಬಟನ್ ಹುಡುಕುವಷ್ಟರಲ್ಲಿ ಚೆಂಡು ಆ ಕಡೆಯ ರಿಂಗಿನಲ್ಲಿರುತ್ತದೆ.

ಆಟ ಶುರುವಾಗುವ ಮೊದಲು

ಇಪ್ಪತ್ತು ನಿಮಿಷ ಮುಂಚೆ ಬನ್ನಿ. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅರ್ಧಗೆರೆಯ ನೇರಕ್ಕೆ, ಎರಡು ಮೂರು ಮೆಟ್ಟಿಲು ಮೇಲೆ, ಸ್ಕೋರರ್ ಟೇಬಲ್ ಎದುರಿಗೆ ಕಾಣುವಂತೆ ಕೂತರೆ ಎರಡೂ ರಿಂಗು ಸಮನಾಗಿ ಕಾಣುತ್ತವೆ, ಫೌಲ್ ಎಣಿಕೆಯೂ ಗೊತ್ತಾಗುತ್ತದೆ. ರಿಂಗಿನ ಹಿಂದೆ ಕೂತವರಿಗೆ ಬಾಸ್ಕೆಟ್ ಚೆನ್ನಾಗಿ ಕಾಣುತ್ತದೆ, ಆಟ ಕಾಣುವುದಿಲ್ಲ. ಸಂಜೆ ಮ್ಯಾಚ್ ಆದರೆ ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ಕೂರಿ.

ವಾರ್ಮ್-ಅಪ್ ನಡೆಯುವಾಗ ನಿಮ್ಮ ತಂಡದ ಜರ್ಸಿ ನಂಬರ್‌ಗಳನ್ನು ಬರೆದುಕೊಳ್ಳಿ. ಈಗಿನ ನಿಯಮದಲ್ಲಿ 99ರವರೆಗೆ ಯಾವ ನಂಬರ್ ಆದರೂ ನಡೆಯುತ್ತದೆ, ಆದರೆ ಹಳೆಯ ರೂಢಿಯಂತೆ 4ರಿಂದ 15ರವರೆಗಿನ ಸೆಟ್ಟೇ ಇನ್ನೂ ಎಷ್ಟೋ ಕಾಲೇಜುಗಳ ಬೀರುವಿನಲ್ಲಿದೆ. ಆಮೇಲೆ ರಿಂಗು ನೋಡಿ. ಹುಡುಗರು ಜೋತು ಬಿದ್ದು ರಿಂಗ್ ಮುಂದಕ್ಕೆ ಬಾಗಿದ್ದರೆ ಮುಂಭಾಗದ ಎತ್ತರ 3.05 ಮೀಟರ್ ಇರುವುದಿಲ್ಲ, ಅಲ್ಲಿ ಚಪ್ಪಟೆ ಶಾಟ್‌ಗಳೂ ಬೀಳತೊಡಗುತ್ತವೆ. ನೆಟ್ ಹರಿದಿದೆಯೇ, ಸಿಮೆಂಟ್ ನೆಲದ ಮೇಲೆ ಧೂಳು ಗುಡಿಸಿದ್ದಾರೆಯೇ ನೋಡಿ. ಹೆಣ್ಣುಮಕ್ಕಳ ಮ್ಯಾಚ್ ಆದರೆ ಚೆಂಡಿನ ಮೇಲಿನ ನಂಬರ್ ನೋಡಲೇಬೇಕು. ಅವರದು 6ನೇ ಸೈಜ್, 510ರಿಂದ 550 ಗ್ರಾಂ. ಗಂಡಸರ 7ನೇ ಸೈಜ್ 580ರಿಂದ 620 ಗ್ರಾಂ. ಕೋಣೆಯಲ್ಲಿದ್ದದ್ದು ಇದೊಂದೇ ಎಂದು 7ರ ಚೆಂಡು ಕೊಟ್ಟಿದ್ದರೆ, ಆ ದಿನದ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ಅಡ್ಡ ಬರದ ಶಾಟ್) ಲೆಕ್ಕ ಇಟ್ಟುಕೊಂಡು ಯಾರನ್ನೂ ಬೈಯುವಂತಿಲ್ಲ.

ಕೊನೆಗೆ ಟೇಬಲ್ ಹತ್ತಿರ ಹೋಗಿ ಎರಡು ವಿಷಯ ಕೇಳಿ ಬನ್ನಿ: ಕ್ವಾರ್ಟರ್ 10 ನಿಮಿಷವೋ ಕಡಿಮೆಯೋ, ವಿಸಿಲ್ ಆದಾಗ ಗಡಿಯಾರ ನಿಲ್ಲಿಸುತ್ತಾರೋ ಇಲ್ಲವೋ. ಒಂದೇ ದಿನದಲ್ಲಿ ಏಳೆಂಟು ಮ್ಯಾಚ್ ಮುಗಿಸಬೇಕಾದ ಕಡೆ ಗಡಿಯಾರ ಓಡುತ್ತಲೇ ಇರುವುದುಂಟು. ಅಂಥ ಮ್ಯಾಚಿನ 45 ಪಾಯಿಂಟನ್ನೂ ಪೂರಾ 40 ನಿಮಿಷದ ಮ್ಯಾಚಿನ 70 ಪಾಯಿಂಟನ್ನೂ ಪಕ್ಕಪಕ್ಕ ಇಟ್ಟು ನೋಡಬಾರದು.

ಒಂದು ಪೊಸೆಷನ್, ಒಂದು ಸಾಲು

ಚೆಂಡು ಒಂದು ತಂಡದ ಕೈಗೆ ಬಂದಾಗಿನಿಂದ ಎದುರಾಳಿಯ ಕೈಗೆ ಹೋಗುವವರೆಗೆ ಒಂದು ಪೊಸೆಷನ್. ಪುಟದ ಎಡಗಡೆ ನಿಮ್ಮ ತಂಡ, ಬಲಗಡೆ ಎದುರಾಳಿ. ಪ್ರತಿ ಪೊಸೆಷನ್‌ಗೆ ಒಂದು ಸಾಲು. ಐದೇ ಅಕ್ಷರ ಸಾಕು: ಬಿದ್ದರೆ "ಬ", ತಪ್ಪಿದರೆ "ತ", ತಪ್ಪಿದ ಚೆಂಡನ್ನು ಶಾಟ್ ಹೊಡೆದ ತಂಡವೇ ಹಿಡಿದರೆ "ರ", ಶಾಟ್ ಹೊಡೆಯದೆಯೇ ಚೆಂಡು ಕಳೆದರೆ "ಕ", ಫ್ರೀ ಥ್ರೋ ಆದರೆ "ಫ". ಮೂರು ಪಾಯಿಂಟ್ ಗೆರೆಯ ಆಚೆಯಿಂದ ಹೊಡೆದರೆ ಅಕ್ಷರಕ್ಕೆ ಮೊದಲು 3. ಎಲ್ಲಕ್ಕೂ ಮುಂದೆ ಜರ್ಸಿ ನಂಬರ್.

"7-3ತ, 12-ರ, 12-ಬ" ಎಂಬ ಸಾಲನ್ನೇ ತೆಗೆದುಕೊಳ್ಳಿ. 7 ನಂಬರ್ ಮೂರು ಪಾಯಿಂಟ್‌ಗೆ ಹೊಡೆದ, ತಪ್ಪಿತು. 12 ಬೋರ್ಡಿನ ಕೆಳಗೆ ಚೆಂಡು ಹಿಡಿದು ಅವನೇ ಹಾಕಿದ. ಶಾಟ್ ಎರಡು, ಪೊಸೆಷನ್ ಒಂದೇ, ಪಾಯಿಂಟ್ ಎರಡು. ಗ್ಯಾಲರಿ 7 ನಂಬರಿಗೆ ಸುಮ್ಮನಿದ್ದು 12ಕ್ಕೆ ಶಿಳ್ಳೆ ಹಾಕಿರುತ್ತದೆ. ನಿಮ್ಮ ಸಾಲಿನಲ್ಲಿ ಮಾತ್ರ ಎರಡೂ ಇರುತ್ತವೆ. "5-ಕ" ಎಂದರೆ 5 ನಂಬರ್ ಶಾಟ್ ಇಲ್ಲದೆ ಚೆಂಡು ಕಳೆದ, ಅಷ್ಟೆ. "9-ಫಬತ" ಎಂದರೆ ಎರಡು ಫ್ರೀ ಥ್ರೋನಲ್ಲಿ ಒಂದು ಬಿತ್ತು, ಒಂದು ತಪ್ಪಿತು.

ಮೊದಲ ಕ್ವಾರ್ಟರ್‌ನಲ್ಲಿ ಕೈ ಹಿಂದೆ ಬೀಳುತ್ತದೆ. ಆಗ ನಂಬರ್ ಬಿಟ್ಟು ಅಕ್ಷರ ಮಾತ್ರ ಹಾಕಿ, ಸಾಲು ಬಿಡಬೇಡಿ. ಸಾಮಾನ್ಯವಾಗಿ ಕೈತಪ್ಪುವುದು ಫಾಸ್ಟ್ ಬ್ರೇಕ್‌ನಲ್ಲಿ: ಕಳೆದದ್ದು, ಓಡಿದ್ದು, ಲೇ-ಅಪ್ (ರಿಂಗಿನ ಹತ್ತಿರದಿಂದಲೇ ಹಾಕುವ ಶಾಟ್) ಹಾಕಿದ್ದು ಮೂರೂ ನಾಲ್ಕು ಸೆಕೆಂಡಿನಲ್ಲಿ ಮುಗಿದಿರುತ್ತವೆ. ಇಬ್ಬರು ಬರೆಯುವವರಿದ್ದರೆ ಒಬ್ಬೊಬ್ಬರು ಒಂದೊಂದು ತಂಡ ಹಿಡಿಯಿರಿ. ಪ್ರತಿ ಕ್ವಾರ್ಟರ್ ಕೊನೆಯಲ್ಲಿ ಎರಡೂ ಕಡೆಯ ಸಾಲು ಎಣಿಸಿ. ಚೆಂಡು ಸರದಿಯಂತೆ ಆ ಕಡೆ ಈ ಕಡೆ ಹೋಗುವುದರಿಂದ ಎರಡೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಒಂದು "ಕ" ಬಿಟ್ಟಿದ್ದೀರಿ ಅಥವಾ ಒಂದು "ರ" ಆದಾಗ ಹೊಸ ಸಾಲು ಶುರುಮಾಡಿದ್ದೀರಿ.

ಲೆಕ್ಕ

ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ಮ್ಯಾಚ್ ತೆಗೆದುಕೊಳ್ಳೋಣ. ನಮ್ಮವರು 58, ಎದುರಾಳಿ 64.

ನಮ್ಮ ತಂಡ ಒಟ್ಟು 62 ಶಾಟ್ ಹೊಡೆದು 23 ಹಾಕಿದೆ. ಅದರಲ್ಲಿ ಮೂರು ಪಾಯಿಂಟ್ ಶಾಟ್ 17, ಬಿದ್ದದ್ದು 3. ಫ್ರೀ ಥ್ರೋ 16ರಲ್ಲಿ 9. ಕಳೆದದ್ದು 18 ಸಲ. ತಪ್ಪಿದ ಚೆಂಡನ್ನು ತಾವೇ ಹಿಡಿದದ್ದು 14 ಸಲ. ಎದುರಾಳಿ 60 ಶಾಟ್‌ನಲ್ಲಿ 25, ಅದರಲ್ಲಿ ಮೂರು ಪಾಯಿಂಟ್‌ನವು 10ಕ್ಕೆ 4, ಫ್ರೀ ಥ್ರೋ 14ಕ್ಕೆ 10, ಕಳೆದದ್ದು 16, ತಾವೇ ಹಿಡಿದದ್ದು 9.

ಪೊಸೆಷನ್ ಸೂತ್ರ ಹೀಗೆ: ಶಾಟ್‌ಗಳಿಗೆ ಫ್ರೀ ಥ್ರೋಗಳ 0.44 ಪಾಲು ಸೇರಿಸಿ, ಕಳೆದದ್ದನ್ನು ಸೇರಿಸಿ, ತಾವೇ ಹಿಡಿದ ರೀಬೌಂಡ್ ಕಳೆಯಿರಿ. 62 + 7 + 18 − 14 = 73. ಎದುರಾಳಿಗೂ 60 + 6 + 16 − 9 = 73. ಫ್ರೀ ಥ್ರೋಗೆ ಪೂರ್ತಿ ಅರ್ಧ ಹಾಕದೆ 0.44 ಹಾಕುವುದೇಕೆಂದರೆ, ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ ಹೊಸ ಪೊಸೆಷನ್ ಆಗುವುದಿಲ್ಲ. ನೀವು ಸಾಲು ಎಣಿಸಿದ್ದೂ ಸೂತ್ರದ ಉತ್ತರವೂ ಎರಡು ಮೂರರ ಒಳಗೆ ಕೂಡಿದರೆ ನಿಮ್ಮ ಪುಟವನ್ನು ನಂಬಬಹುದು.

ಈಗ ಪೊಸೆಷನ್‌ಗೆ ಎಷ್ಟು ಪಾಯಿಂಟ್: ನಮ್ಮದು 58ನ್ನು 73ರಿಂದ ಭಾಗಿಸಿದರೆ 0.79, ಅವರದು 0.88. ಶಾಟ್‌ನ ಗುಣಮಟ್ಟಕ್ಕೆ, ಬಿದ್ದ ಶಾಟ್‌ಗಳಿಗೆ ಬಿದ್ದ ಮೂರು ಪಾಯಿಂಟ್‌ಗಳ ಅರ್ಧ ಸೇರಿಸಿ ಒಟ್ಟು ಶಾಟ್‌ನಿಂದ ಭಾಗಿಸಿ. ನಮ್ಮದು 62ಕ್ಕೆ 24.5, ಅಂದರೆ ಶೇ 39.5. ಅವರದು 60ಕ್ಕೆ 27, ಶೇ 45. ಚೆಂಡು ಕಳೆದದ್ದು ನಾವು ನೂರು ಪೊಸೆಷನ್‌ಗೆ ಸುಮಾರು 25, ಅವರು 22. ತಪ್ಪಿದ ನಮ್ಮ 39 ಶಾಟ್‌ನಲ್ಲಿ 14ನ್ನು ನಾವೇ ಹಿಡಿದೆವು, ಶೇ 36. ಅವರು 35ರಲ್ಲಿ 9, ಶೇ 26.

ಈ ಪುಟ ಏನು ಹೇಳುತ್ತದೆ? ಬೋರ್ಡಿನ ಕೆಳಗೆ ನಮ್ಮ ಹುಡುಗರು ಗೆದ್ದಿದ್ದಾರೆ. "ರೀಬೌಂಡೇ ಇಲ್ಲ ಕಣೋ" ಎಂದು ಕೂಗಿದವರ ಮಾತು ಬಿದ್ದುಹೋಯಿತು. ಸೋಲು ಇರುವುದು ಶಾಟ್‌ನಲ್ಲಿ. ಒಳಗಿನಿಂದ 45 ಶಾಟ್‌ಗೆ 20 ಬಿದ್ದಿವೆ, ಒಂದು ಶಾಟ್‌ಗೆ 0.89 ಪಾಯಿಂಟ್. ಹೊರಗಿನಿಂದ 17ಕ್ಕೆ 9 ಪಾಯಿಂಟ್, ಒಂದು ಶಾಟ್‌ಗೆ 0.53. ಹತ್ತು ಮೂರು ಪಾಯಿಂಟ್ ಶಾಟ್ ಬಿಟ್ಟು ಒಳಗೆ ಹೋಗಿದ್ದರೆ ಮೂರು ನಾಲ್ಕು ಪಾಯಿಂಟ್ ಹೆಚ್ಚು ಬರುತ್ತಿತ್ತು. ಆದರೆ ಹೊರಗಿನಿಂದ ಯಾರೂ ಹೊಡೆಯುವುದಿಲ್ಲ ಎಂದು ಗೊತ್ತಾದರೆ ಎದುರಾಳಿಗಳು ಐವರೂ ಒಳಗೇ ಗೋಡೆ ಕಟ್ಟಿ ನಿಲ್ಲುತ್ತಾರೆ, ಆ 0.89 ಕೂಡ ಇಳಿಯುತ್ತದೆ. ಅದಕ್ಕೇ 17 ಹೆಚ್ಚಾಯಿತು ಎನ್ನಬಹುದು, ಶೂನ್ಯ ಇರಬೇಕಿತ್ತು ಎನ್ನಬಾರದು. ಇನ್ನು ಏಳು ಫ್ರೀ ಥ್ರೋ ತಪ್ಪಿವೆ, ಸೋತ ಅಂತರ ಆರು. ಆದರೂ ಫ್ರೀ ಥ್ರೋನಿಂದಲೇ ಸೋತೆವು ಎಂದರೆ ಅವಸರವಾಗುತ್ತದೆ. ಹದಿನಾರಕ್ಕೆ ಹದಿನಾರೂ ಹಾಕುವ ಕಾಲೇಜು ತಂಡ ಎಲ್ಲಿದೆ?

ಫ್ರೀ ಥ್ರೋ ತಪ್ಪಿದ್ದು ಹೇಗೆ ಎಂಬುದು ಎಷ್ಟು ತಪ್ಪಿದವು ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ಚೆಂಡು ರಿಂಗಿನ ಮುಂಭಾಗಕ್ಕೆ ತಾಗಿ ವಾಪಸ್ ಬಂದರೆ ಕಾಲು ಸೋತಿದೆ, ಮಂಡಿ ಬಾಗುತ್ತಿಲ್ಲ. ಎಡಕ್ಕೋ ಬಲಕ್ಕೋ ಹೋದರೆ ಮೊಣಕೈ ಹೊರಗೆ ಹೋಗಿದೆ. "ತ" ಪಕ್ಕದಲ್ಲಿ ಒಂದು ಸಣ್ಣ ಬಾಣ ಹಾಕಿಡಿ. ಮೊದಲರ್ಧದಲ್ಲಿ ಹಾಕಿದ ಹುಡುಗನೇ ನಾಲ್ಕನೇ ಕ್ವಾರ್ಟರ್‌ನಲ್ಲಿ ಮುಂಭಾಗಕ್ಕೇ ಹೊಡೆಯುತ್ತಿದ್ದರೆ ಆ ತಂಡಕ್ಕೆ ಶೂಟಿಂಗ್ ಪ್ರಾಕ್ಟೀಸ್‌ಗಿಂತ ಓಟ ಬೇಕಾಗಿದೆ, ಅಥವಾ ಕೋಚ್ ಅವನನ್ನು ಒಮ್ಮೆಯೂ ಕೂರಿಸಿಲ್ಲ.

ಕಳೆದ ಚೆಂಡು ಎಲ್ಲಿ ಕಳೆಯಿತು

ಹದಿನೆಂಟು "ಕ"ಗಳಿಗೂ ಒಂದೇ ಬೆಲೆ ಇಲ್ಲ. ಟ್ರಾವೆಲ್ (ಚೆಂಡು ಪುಟಿಸದೆ ಹೆಜ್ಜೆ ಇಡುವುದು) ಆಗಿಯೋ ಗೆರೆ ಹೊರಗೆ ಹೋಗಿಯೋ ಕಳೆದರೆ ಆಟ ನಿಲ್ಲುತ್ತದೆ, ನಮ್ಮವರು ಹಿಂದೆ ಓಡಿ ಡಿಫೆನ್ಸ್‌ಗೆ ನಿಲ್ಲಬಹುದು. ಪಾಸ್ ಮಧ್ಯದಲ್ಲಿ ಕಸಿದುಕೊಂಡರೆ ಎದುರಿಗೆ ಖಾಲಿ ಕೋರ್ಟ್ ಇರುತ್ತದೆ, ಎರಡು ಪಾಯಿಂಟ್ ಬಹುತೇಕ ಖಚಿತ. ಕಸಿದದ್ದಕ್ಕೆ "ಕ"ಗೆ ಸುತ್ತು ಹಾಕಿ, ಎಲ್ಲಿ ಕಸಿದರು ಎಂದೂ ಗುರುತಿಸಿ. ಹತ್ತು ಸುತ್ತು ಇರುವ ತಂಡ, ಹದಿನೆಂಟು ಬರೀ "ಕ" ಇರುವ ತಂಡಕ್ಕಿಂತ ಹೆಚ್ಚು ಕಷ್ಟದಲ್ಲಿರಬಹುದು.

ಸುತ್ತುಗಳು ಅರ್ಧಗೆರೆಯ ಹಿಂದೆ ಇದ್ದರೆ ಎದುರಾಳಿ ಪ್ರೆಸ್ ಹಾಕಿದ್ದಾರೆ, ಅಂದರೆ ನಮ್ಮ ಅರ್ಧಕ್ಕೇ ಬಂದು ಒತ್ತುತ್ತಿದ್ದಾರೆ. 8 ಸೆಕೆಂಡಿನೊಳಗೆ ಅರ್ಧಗೆರೆ ದಾಟಬೇಕು. ಚೆಂಡು ಹಿಡಿದವನನ್ನು ಇಬ್ಬರು ಮೂಲೆಗೆ ಒತ್ತಿದಾಗ ನಮ್ಮಲ್ಲಿ ಒಬ್ಬ ಕೋರ್ಟಿನ ನಡುವೆ ಬಂದು ಪಾಸ್ ಕೇಳಬೇಕು. ಆ ನಡುವಿನವನು ಇದ್ದಾನೋ ಇಲ್ಲವೋ ನೋಡಿ. ಇಲ್ಲದಿದ್ದರೆ ಗಾರ್ಡ್ (ಚೆಂಡು ಮುಂದಕ್ಕೆ ತರುವವನು) ಪಾಸ್ ತಪ್ಪಿದ ಎಂದು ಬೈಯುವುದು ಅನ್ಯಾಯ, ಅವನಿಗೆ ಕೊಡಲು ಯಾರೂ ಇರಲಿಲ್ಲ. ಟ್ರಾವೆಲ್ ಜಾಸ್ತಿಯಾದರೆ ಮೊದಲು ಶೂ ನೋಡಿ. ಸವೆದ ಸೋಲ್, ಧೂಳಿನ ಸಿಮೆಂಟ್ ಸೇರಿದರೆ ನಿಂತ ಕಾಲು ಜಾರುತ್ತದೆ, ರೆಫರಿ ಊದುತ್ತಾರೆ. ಬೆಂಚಿನ ಹತ್ತಿರ ಒದ್ದೆ ಬಟ್ಟೆ ಇಟ್ಟು ಸೋಲ್ ಒರೆಸಿಕೊಳ್ಳುವ ತಂಡವನ್ನು ಕಂಡರೆ ಅಲ್ಲಿ ತಿಳಿದವರು ಯಾರೋ ಇದ್ದಾರೆ ಎಂದುಕೊಳ್ಳಿ.

ಡಿಫೆನ್ಸ್ ಎಣಿಕೆಗೆ ಸಿಗುವುದಿಲ್ಲ

ಇದಕ್ಕೆ ಬರೆಯುವುದನ್ನು ಗೆಳೆಯನಿಗೆ ಬಿಟ್ಟು ಒಂದಿಡೀ ಕ್ವಾರ್ಟರ್ ಚೆಂಡು ನೋಡದೆ ಕೂರಬೇಕು. ಮೂರನೇ ಕ್ವಾರ್ಟರ್ ಒಳ್ಳೆಯದು. ಮೊದಲು, ಆಡುತ್ತಿರುವುದು ಮ್ಯಾನ್-ಟು-ಮ್ಯಾನೋ ಝೋನೋ ಎಂದು ತಿಳಿಯಿರಿ. ಎದುರಾಳಿ ಆಟಗಾರನೊಬ್ಬ ಚೆಂಡಿಲ್ಲದೆ ಬಲದಿಂದ ಎಡಕ್ಕೆ ಓಡಿದಾಗ ಅವನ ಹಿಂದೆಯೇ ನಮ್ಮವನು ಓಡಿದರೆ ಮ್ಯಾನ್-ಟು-ಮ್ಯಾನ್. ಅರ್ಧಕ್ಕೇ ಬಿಟ್ಟು ಇನ್ನೊಬ್ಬನಿಗೆ ಒಪ್ಪಿಸಿದರೆ ಝೋನ್. ಕಾಲೇಜು ಆಟದಲ್ಲಿ 2-3 ಝೋನ್ ಜಾಸ್ತಿ: ಮುಂದೆ ಇಬ್ಬರು, ಹಿಂದೆ ಮೂವರು. ಕಾಲು ಉಳಿಯುತ್ತದೆ, ಫೌಲ್ ಕಡಿಮೆ ಆಗುತ್ತದೆ. ಅದರ ತೂತು ಇರುವುದು ಫ್ರೀ ಥ್ರೋ ಗೆರೆಯ ಹತ್ತಿರ, ಮುಂದಿನ ಇಬ್ಬರ ಬೆನ್ನ ಹಿಂದೆ. ಅಲ್ಲಿಗೆ ಚೆಂಡು ಎಷ್ಟು ಸಲ ಬಂತು ಎಂದು ಎಣಿಸಿ. ನಮ್ಮವರ ಝೋನ್ ಆ ಪಾಸನ್ನು ಸುಲಭವಾಗಿ ಬಿಟ್ಟುಕೊಟ್ಟರೆ ಡಿಫೆನ್ಸ್ ಸೋತ ಹಾಗೆ, ಆಮೇಲೆ ಶಾಟ್ ತಪ್ಪಿದರೂ ಅದು ನಮ್ಮವರ ಪುಣ್ಯ. ನಮ್ಮವರು ಝೋನ್ ಎದುರು ಆಡುವಾಗಲೂ ಇದೇ ಲೆಕ್ಕ. ಗೆರೆಯ ಹೊರಗೇ ಚೆಂಡು ಸುತ್ತಿಸಿ 24 ಸೆಕೆಂಡ್ ತುಂಬುವ ಹೊತ್ತಿಗೆ 7 ನಂಬರ್ ಎಸೆದದ್ದೇ ಆ 17 ಶಾಟ್‌ಗಳಲ್ಲಿ ಅರ್ಧ ಇದ್ದರೆ, ತಪ್ಪು 7 ನಂಬರಿನದಲ್ಲ.

ರೀಬೌಂಡ್ ನೋಡುವಾಗ ಹಾರುವವನನ್ನು ಬಿಡಿ. ಶಾಟ್ ಹೋದ ಕೂಡಲೇ ನಮ್ಮವರ ಬೆನ್ನು ಎದುರಾಳಿಗೆ ತಾಗಿತೋ ಇಲ್ಲವೋ ನೋಡಿ. ಮೇಲೆ ನೋಡುತ್ತಾ ನಿಂತವನು ಆರಡಿ ಎರಡಿಂಚು ಇದ್ದರೂ ಉಪಯೋಗವಿಲ್ಲ. ದೂರದ ಶಾಟ್ ತಪ್ಪಿದರೆ ಚೆಂಡು ದೂರಕ್ಕೇ ಪುಟಿಯುತ್ತದೆ, ಮೂಲೆಯಿಂದ ಹೊಡೆದದ್ದು ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ. ಅದನ್ನು ಹಿಡಿಯಬೇಕಾದವರು ಗಾರ್ಡ್‌ಗಳು. ಅವರು ಮೊದಲೇ ಫಾಸ್ಟ್ ಬ್ರೇಕ್‌ಗೆ ಓಡಿಬಿಟ್ಟಿದ್ದರೆ ಎತ್ತರದವರನ್ನು ದೂರಿ ಫಲವಿಲ್ಲ.

ಬಿಸಿಲು, ಗಾಳಿ, ರಿಂಗು

ಬಯಲು ಕೋರ್ಟಿನಲ್ಲಿ ಒಂದು ಅನುಕೂಲ ಇದೆ: ದ್ವಿತೀಯಾರ್ಧಕ್ಕೆ ತಂಡಗಳು ರಿಂಗ್ ಬದಲಿಸುತ್ತವೆ. ಆದ್ದರಿಂದ ನಾಲ್ಕು ಮೊತ್ತ ತೆಗೆಯಿರಿ, ಪ್ರತಿ ರಿಂಗಿಗೆ ಎರಡೂ ತಂಡದ್ದು. ಪಶ್ಚಿಮದ ರಿಂಗಿನಲ್ಲಿ ನಾವೂ ಕಡಿಮೆ, ಅವರೂ ಕಡಿಮೆ ಹಾಕಿದ್ದರೆ ಸಂಜೆ ಬಿಸಿಲು ಕಣ್ಣಿಗೆ ಹೊಡೆದಿದೆ ಅಥವಾ ರಿಂಗು ಗಡುಸಾಗಿದೆ. ಅವರು ಅಲ್ಲಿ ಚೆನ್ನಾಗಿಯೇ ಹಾಕಿ ನಾವು ಮಾತ್ರ ಸೋತಿದ್ದರೆ ಬಿಸಿಲಿನ ಮಾತು ಎತ್ತಬೇಡಿ.

ಚಿತ್ರದುರ್ಗದಲ್ಲಿ ಆಡಿದ ಮ್ಯಾಚ್ ಆದರೆ ಗಾಳಿಯ ಲೆಕ್ಕ ಬೇರೆ. ಜೋಗಿಮಟ್ಟಿ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಎತ್ತರಕ್ಕೆ ಎಸೆದ ಮೂರು ಪಾಯಿಂಟ್ ಶಾಟ್ ಒಂದು ಗೇಣು ಸರಿದರೂ ಸಾಕು, ರಿಂಗಿನ ಒಳ ಅಗಲವೇ 45 ಸೆಂಟಿಮೀಟರ್. ಗಾಳಿ ಕೆಡಿಸಿದ ದಿನ ಹೊರಗಿನ ಶಾಟ್ ಬೀಳುವುದಿಲ್ಲ, ಲೇ-ಅಪ್ ಎಂದಿನಂತೆಯೇ ಬೀಳುತ್ತದೆ. ಎರಡೂ ಬಿದ್ದಿಲ್ಲವಾದರೆ ಗಾಳಿಯನ್ನು ದೂರಬೇಡಿ. ಅಂಥ ದಿನವೂ ಹೊರಗಿನಿಂದ ಎಸೆಯುತ್ತಲೇ ಇದ್ದರೆ ಅದು ಬುದ್ಧಿಯ ಪ್ರಶ್ನೆ.

ಬೆಂಚು

ಕಾಲೇಜುಗಳಲ್ಲಿ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಒಬ್ಬರೇ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ನೋಡಿಕೊಳ್ಳುವುದು ಸಾಮಾನ್ಯ, ಅದನ್ನು ನೆನಪಿಟ್ಟುಕೊಂಡೇ ಅಳೆಯಿರಿ. ಮೂರು ವಿಷಯ ನೋಡಿದರೆ ಸಾಕು. ಮೊದಲರ್ಧಕ್ಕೆ ಎರಡು ಟೈಮ್‌ಔಟ್ ಇವೆ, ಬಳಸದಿದ್ದರೆ ಮುಂದಕ್ಕೆ ಬರುವುದಿಲ್ಲ. ದ್ವಿತೀಯಾರ್ಧಕ್ಕೆ ಮೂರು. ಎದುರಾಳಿ ಸತತ ಎಂಟು ಪಾಯಿಂಟ್ ಹೊಡೆದಾಗಲೂ ಮೊದಲರ್ಧದ ಎರಡನ್ನು ಜೇಬಿನಲ್ಲೇ ಇಟ್ಟುಕೊಂಡರೆ ಅದು ಉಳಿತಾಯವಲ್ಲ. ಎರಡನೆಯದು ಫೌಲ್: ಐದಾದರೆ ಆಟಗಾರ ಹೊರಗೆ. ಮುಖ್ಯ ಆಟಗಾರನಿಗೆ ಮೊದಲ ಕ್ವಾರ್ಟರ್‌ನಲ್ಲೇ ಎರಡಾದಾಗ ಏನು ಮಾಡಿದರು? ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಹೋಗುತ್ತವೆ. ನಾಲ್ಕಾದ ಮೇಲೂ ಅರ್ಧಗೆರೆಯ ಹತ್ತಿರ ಕೈ ಹಾಕುತ್ತಿದ್ದರೆ ಯಾರೂ ಅವರಿಗೆ ಎಣಿಕೆ ಹೇಳುತ್ತಿಲ್ಲ. ಮೂರನೆಯದು, ಆಟಗಾರನನ್ನು ಬದಲಿಸಿದಾಗಲೆಲ್ಲ ಆ ಹೊತ್ತಿನ ಸ್ಕೋರ್ ಬರೆದಿಡುವುದು. ಅವನು ಇದ್ದಾಗ ಅಂತರ ಏರಿತೋ ಇಳಿಯಿತೋ ತಿಳಿಯುತ್ತದೆ. ಒಂದು ಮ್ಯಾಚಿನಲ್ಲಿ ಈ ಅಂಕಿ ಸುಳ್ಳು ಹೇಳುವುದೇ ಹೆಚ್ಚು, ಐದಾರು ಮ್ಯಾಚ್ ಕೂಡಿಸಿ ನೋಡಿ.

ಯಾರ ಎದುರು ಗೆದ್ದರು

ಒಂದೇ ಊರಿನ ಕಾಲೇಜುಗಳನ್ನು ಗೆಲುವಿನ ಲೆಕ್ಕದಲ್ಲಿ ಹೋಲಿಸುವುದು ದಾವಣಗೆರೆಯಲ್ಲಿ ದೊಡ್ಡ ಚಾಳಿ, ಮತ್ತು ಅದಕ್ಕೆ ಅರ್ಥವಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿ ಆಡುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಟೂರ್ನಿ, ದುರ್ಗದ ಎಸ್‌ಜೆಎಂಐಟಿ ಕೂಡ ಅಲ್ಲೇ. ಜೆಜೆಎಂ ಮೆಡಿಕಲ್ ಹುಡುಗರದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಡಿಆರ್‌ಎಂ ಸೈನ್ಸ್ ಕಾಲೇಜಿನಂಥವು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯದವು, ಅದರ ವ್ಯಾಪ್ತಿ ದಾವಣಗೆರೆ, ಚಿತ್ರದುರ್ಗ ಎರಡೇ ಜಿಲ್ಲೆ. ವಿಟಿಯುದು ಇಡೀ ರಾಜ್ಯ, ಬೆಂಗಳೂರು, ಮೈಸೂರಿನ ಕಾಲೇಜುಗಳೂ ಅದರಲ್ಲೇ. ಒಬ್ಬರ ಸೆಮಿಫೈನಲ್ ಇನ್ನೊಬ್ಬರ ಎರಡನೇ ಸುತ್ತಿಗೆ ಸಮ ಇರಬಹುದು. ಎದುರಾಳಿಯಲ್ಲಿ ಕ್ರೀಡಾ ಹಾಸ್ಟೆಲ್‌ನಿಂದ ಬಂದವರು ಎಷ್ಟು ಜನ, ಅವರು ಮುಂದಿನ ಸುತ್ತಿನಲ್ಲಿ ಯಾರಿಗೆ ಎಷ್ಟರಿಂದ ಸೋತರು ಎಂದು ಪುಟದ ತಲೆಗೆ ಬರೆದಿಡಿ. ನಾಕೌಟ್‌ನಲ್ಲಿ ಒಂದೇ ಮ್ಯಾಚಿಗೆ ಮನೆಗೆ ಬಂದ ತಂಡದ ಬಗ್ಗೆ ಆ ಒಂದು ಪುಟದಿಂದ ದೊಡ್ಡ ಮಾತು ಆಡಬೇಡಿ. ಪ್ರಾಕ್ಟೀಸ್ ಮ್ಯಾಚ್‌ಗಳನ್ನೂ ಬರೆಯಿರಿ, ಪುಟಗಳು ಬೇಕು.

ಆಟಗಾರರ ಲೆಕ್ಕ ಸುಲಭ. 24 ಶಾಟ್ ಹೊಡೆದು 20 ಪಾಯಿಂಟ್ ತಂದವನಿಗಿಂತ 8 ಶಾಟ್‌ಗೆ 12 ತಂದವನು ಆ ದಿನ ಹೆಚ್ಚು ಕೆಲಸ ಮಾಡಿದ್ದಾನೆ. ಪೇಪರಿನಲ್ಲಿ ಹೆಸರು ಬರುವುದು ಮೊದಲನೆಯವನದು.

ಪುಟವನ್ನು ಪಿ.ಡಿ. ಸರ್‌ಗೆ ತೋರಿಸುವುದಾದರೆ ಸೋತ ಸಂಜೆ ಬೇಡ, ಎರಡು ದಿನ ಬಿಟ್ಟು ಪ್ರಾಕ್ಟೀಸ್ ಶುರುವಾಗುವ ಮೊದಲು ಹೋಗಿ. ಆಟಗಾರರ ಹೆಸರಿರುವ ಹಾಳೆ ನಿಮ್ಮಲ್ಲೇ ಇರಲಿ. ತಂಡದ ನಾಲ್ಕು ಅಂಕಿ, ಸುತ್ತು ಹಾಕಿದ "ಕ"ಗಳ ಜಾಗ, ರಿಂಗ್‌ವಾರು ಮೊತ್ತ, ಇಷ್ಟನ್ನು ಒಂದೇ ಮಗ್ಗುಲಿಗೆ ಬರೆದು ಕೊಡಿ. "ಸರ್, ಪ್ರೆಸ್ ಹಾಕಿದಾಗ ನಡುವೆ ಯಾರೂ ಬರ್ತಿಲ್ಲ, ಒಂಬತ್ತು ಸಲ ಹೀಗಾಯ್ತು" ಎಂದರೆ ಅವರು ಹಾಳೆ ಕೈಗೆ ತೆಗೆದುಕೊಳ್ಳುತ್ತಾರೆ. ಫೈನಲ್ ಇಯರ್ ಹುಡುಗರ ಜರ್ಸಿ ನಂಬರ್ ಕೆಳಗೆ ಗೆರೆ ಎಳೆದು, ಅವರು ತಂದ ಪಾಯಿಂಟ್, ರೀಬೌಂಡ್ ತೆಗೆದರೆ ಎಷ್ಟು ಉಳಿಯುತ್ತದೆ ಎಂದು ಹಿಂಬದಿಯಲ್ಲಿ ಬರೆದಿದ್ದರೆ, ಜೂನಿಯರ್‌ಗಳಲ್ಲಿ ಯಾರನ್ನು ಈಗಲೇ ಕೋರ್ಟಿಗೆ ಇಳಿಸಬೇಕು ಎಂಬ ಮಾತನ್ನು ಅವರೇ ಎತ್ತುತ್ತಾರೆ.